ಅಂಗೈಗೆ ಸಿಗುವ ಗೇರ್‌ಬಾಕ್ಸ್

ಪೋರ್ಷೆ ಕಂಪನಿ 1969ರಲ್ಲಿ 917 ಎಂಬ ರೇಸ್ ಕಾರನ್ನು ಹೊರತಂದಾಗ ಅದರ ಗೇರ್ ನಾಬನ್ನು ಬಾಲ್ಸಾ ಮರದಲ್ಲಿ ಮಾಡಿತ್ತು. ಬಾಲ್ಸಾ ಎಂದರೆ ಶಾಲೆಯ ಮಕ್ಕಳು ಆಟದ ವಿಮಾನ ಕಟ್ಟುವ ಮರ. ಅದರ ಸಾಂದ್ರತೆ ನೀರಿನ ಆರರಲ್ಲಿ ಒಂದು ಭಾಗದಷ್ಟು. ಲ ಮಾನ್ಸ್‌ನ 24 ಗಂಟೆಗಳ ಓಟವನ್ನು 1970 ಮತ್ತು 1971ರಲ್ಲಿ ಗೆದ್ದ ಆ ಕಾರಿನಲ್ಲಿ ಒಂದೊಂದು ಗ್ರಾಂ ಕೂಡ ಲೆಕ್ಕಕ್ಕಿತ್ತು. ಐವತ್ತು ವರ್ಷಗಳ ನಂತರ, 2020ರ ಸಿವಿಕ್ ಟೈಪ್ ಆರ್ ಕಾರಿಗೆ ಹೋಂಡಾದ ಎಂಜಿನಿಯರುಗಳು ನೀರಹನಿಯ ಆಕಾರದ ಹೊಸ ನಾಬ್ ಕೊಟ್ಟರು. ಅದರ ಹೊಟ್ಟೆಯೊಳಗೆ ಬೇಕೆಂದೇ 90 ಗ್ರಾಂ ತೂಕ ಸೇರಿಸಿದ್ದರು. ಇಬ್ಬರೂ ವೇಗದ ಕಾರು ಕಟ್ಟುವುದರಲ್ಲಿ ನುರಿತವರು. ಒಬ್ಬರು ನಾಬಿನಿಂದ ತೂಕ ತೆಗೆದರು, ಇನ್ನೊಬ್ಬರು ಅದಕ್ಕೇ ತುಂಬಿದರು.

ಸ್ವಂತ ಕಾರಿನ ನಾಬ್ ಬಿಚ್ಚಿ ಬೇರೆಯದನ್ನು ಹಾಕಿಕೊಳ್ಳಬೇಕು ಎಂದು ಹೊರಡುವವರು ಸಾಮಾನ್ಯವಾಗಿ ಅಂದ ನೋಡಿ ಹೊರಡುತ್ತಾರೆ. ಹೊಳೆಯುವ ಉಕ್ಕಿನ ಗುಂಡು, ಕಡೆದ ಮರ, ಒಳಗೆ ಹೂವು ಹುದುಗಿಸಿದ ರೆಸಿನ್. ಅಂದ ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಇಡೀ ಗೇರ್ ವ್ಯವಸ್ಥೆಯಲ್ಲಿ ಮನುಷ್ಯನ ಚರ್ಮ ತಾಗುವ ಜಾಗ ಇದೊಂದೇ. ಇಲ್ಲಿ ಬದಲಾಗುವ ಪ್ರತಿ ಗ್ರಾಂ, ಪ್ರತಿ ಸೆಂಟಿಮೀಟರ್ ಕೈಗೆ ಗೊತ್ತಾಗುತ್ತದೆ. ಎಷ್ಟು ಗೊತ್ತಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಆ ಲೆಕ್ಕಕ್ಕೆ ಹೈಸ್ಕೂಲಿನ ಭೌತವಿಜ್ಞಾನ ಸಾಕು.

ನಾಬಿನ ಕೆಳಗೆ ಒಂದು ಉಕ್ಕಿನ ಸರಳು, ಅದೇ ಲಿವರ್. ಅದರ ಬುಡದ ಹತ್ತಿರ ಒಂದು ಗುಂಡು, ಆ ಗುಂಡು ಬಟ್ಟಲಿನಂಥ ಆಸನದಲ್ಲಿ ಕೂತಿರುತ್ತದೆ. ಸರಳು ಓಲಾಡುವುದು ಈ ಗುಂಡಿನ ಸುತ್ತ. ಗುಂಡಿನ ಕೆಳಗೆ ಸರಳಿನ ಮೋಟು ತುದಿ; ಅಲ್ಲಿಂದ ರಾಡ್ ಅಥವಾ ಎರಡು ಕೇಬಲ್ ಗೇರ್‌ಬಾಕ್ಸಿಗೆ ಹೋಗುತ್ತವೆ. ಅಂದರೆ ಇದು ಸನ್ನೆ. ಮೇಲಿನ ತೋಳು 250 ಮಿ.ಮೀ., ಕೆಳಗಿನದು 50 ಮಿ.ಮೀ. ಇದೆ ಎಂದುಕೊಳ್ಳೋಣ. ಅಂಗೈ 100 ಮಿ.ಮೀ. ಸರಿದರೆ ಕೆಳತುದಿ 20 ಮಿ.ಮೀ. ಸರಿಯುತ್ತದೆ, ಅಂಗೈ 30 ನ್ಯೂಟನ್ ಬಲ ಹಾಕಿದರೆ ಕೆಳಗೆ 150 ನ್ಯೂಟನ್ ಸಿಗುತ್ತದೆ. ನಾಬನ್ನು 25 ಮಿ.ಮೀ. ಎತ್ತರಿಸಿದರೆ ಕೈಗೆ ಬೇಕಾದ ಬಲ ಶೇಕಡಾ 9ರಷ್ಟು ಇಳಿಯುತ್ತದೆ, ಕೈ ಸರಿಯಬೇಕಾದ ದೂರ ಶೇಕಡಾ 10ರಷ್ಟು ಏರುತ್ತದೆ. ತಗ್ಗಿಸಿದರೆ ಇದರ ತಿರುಗುಮುರುಗು. ಬಲ ಗುಣಿಸು ದೂರ ಎಂಬ ಕೆಲಸದ ಮೊತ್ತ ಎರಡೂ ಸಲ ಅಷ್ಟೇ. ಗೇರ್ ಚುಟುಕಾಗಿ ಬೀಳಲಿ ಎಂದು ಗಿಡ್ಡ ನಾಬ್ ಹಾಕಿಸಿಕೊಂಡವರಿಗೆ ಗೇರ್ ಗಟ್ಟಿ ಅನಿಸತೊಡಗುವುದು ಇದಕ್ಕೇ.

ಇನ್ನು ಗೇರ್‌ಬಾಕ್ಸಿನ ಒಳಗೆ. ಕೈ ತಳ್ಳಿದ ಬಲ ಕೊನೆಗೆ ತಲುಪುವುದು ಒಂದು ಕವಲುಗೋಲಿಗೆ, ಮೆಕ್ಯಾನಿಕ್‌ಗಳ ಮಾತಿನಲ್ಲಿ ಫೋರ್ಕಿಗೆ. ಅದು ತಿರುಗುತ್ತಿರುವ ಸ್ಲೀವನ್ನು ಪಕ್ಕಕ್ಕೆ ಸರಿಸುತ್ತದೆ. ಸ್ಲೀವ್ ಹೋಗಿ ಗೇರ್ ಚಕ್ರದ ಹಲ್ಲುಗಳಿಗೆ ಕೂಡಿಕೊಳ್ಳಬೇಕು, ಆದರೆ ಎರಡರ ವೇಗ ಬೇರೆ ಬೇರೆ. ಹಾಗಾಗಿ ನಡುವೆ ಒಂದು ಶಂಕುವಿನಾಕಾರದ ಉಂಗುರವಿದೆ, ಬಹಳ ಕಡೆ ಹಿತ್ತಾಳೆಯದು. ಅದು ಮೊದಲು ಚಕ್ರಕ್ಕೆ ಉಜ್ಜಿ ವೇಗವನ್ನು ಸರಿದೂಗಿಸುತ್ತದೆ. ಸರಿದೂಗುವ ತನಕ ಸ್ಲೀವನ್ನು ಮುಂದೆ ಬಿಡುವುದಿಲ್ಲ. ಇದೇ ಸಿಂಕ್ರೊಮೆಷ್. ಅಮೆರಿಕದ ಅರ್ಲ್ ಥಾಂಪ್ಸನ್ ಎಂಬ ಎಂಜಿನಿಯರ್ ರೂಪಿಸಿದ ಈ ವ್ಯವಸ್ಥೆಯನ್ನು ಕ್ಯಾಡಿಲ್ಯಾಕ್ 1928ರಲ್ಲಿ ತನ್ನ ಕಾರುಗಳಿಗೆ ತಂದಿತು. ಅದಕ್ಕೂ ಮುಂಚೆ ಚಾಲಕನೇ ಎರಡು ಸಲ ಕ್ಲಚ್ ತುಳಿದು, ಎಂಜಿನ್ನಿನ ದನಿ ಕೇಳಿ ವೇಗ ಹೊಂದಿಸಬೇಕಿತ್ತು. ನಮ್ಮ ಹಳೆಯ ಲಾರಿ ಚಾಲಕರ ಎಡಗಾಲಿಗೆ ಈ ಡಬಲ್ ಕ್ಲಚ್ಚಿನ ಅಭ್ಯಾಸ ಬಹುಕಾಲ ಉಳಿದಿತ್ತು.

ನಾಬಿನ ತೂಕದ ಬಗ್ಗೆ ಜನ ಹೇಳುವ ಮಾತೊಂದಿದೆ: ಭಾರದ ನಾಬ್ ಹಾಕಿದರೆ ಗೇರ್ ತಾನಾಗಿಯೇ ಬೀಳುತ್ತದೆ. ಇದರಲ್ಲಿ ನಿಜವೆಷ್ಟು?

ಮೊದಲು ತೂಕಗಳನ್ನೇ ನೋಡೋಣ. 50 ಮಿ.ಮೀ. ವ್ಯಾಸದ ಗುಂಡು ಅಂಗೈಗೆ ಹಿತವಾಗಿ ಕೂರುತ್ತದೆ. ಅದರ ಗಾತ್ರ ಸುಮಾರು 65 ಘನ ಸೆಂಟಿಮೀಟರ್. ಒಳಗಿನ ತೂತನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಹಗುರ ಜಾತಿಯ ಮರದಲ್ಲಿ ಅದು 40 ಗ್ರಾಂ ತೂಗುತ್ತದೆ. ಅಲ್ಯೂಮಿನಿಯಮ್ಮಿನಲ್ಲಿ 177, ಟೈಟಾನಿಯಮ್ಮಿನಲ್ಲಿ 295, ಸ್ಟೇನ್‌ಲೆಸ್ ಸ್ಟೀಲಿನಲ್ಲಿ 520ಕ್ಕೂ ಹೆಚ್ಚು. ಒಂದೇ ಆಕಾರ, ಒಂದೇ ಗಾತ್ರ, ಆದರೆ ತೂಕದಲ್ಲಿ ಹದಿಮೂರು ಪಟ್ಟು ಅಂತರ.

ಆ ತೂಕ ಎಲ್ಲಿ ಕೂತಿದೆ ಎಂಬುದು ತೂಕದಷ್ಟೇ ಮುಖ್ಯ. ಒಂದು ಬಿಂದುವಿನ ಸುತ್ತ ತಿರುಗುವ ವಸ್ತುವಿನ ಜಡತ್ವ ದೂರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 12 ಮಿ.ಮೀ. ದಪ್ಪದ, 250 ಮಿ.ಮೀ. ಉದ್ದದ ಉಕ್ಕಿನ ಸರಳು ಸುಮಾರು 220 ಗ್ರಾಂ ತೂಗುತ್ತದೆ. ಆದರೆ ಆ ತೂಕ ಬುಡದಿಂದ ತುದಿಯವರೆಗೆ ಹಂಚಿಕೊಂಡಿರುವುದರಿಂದ ಕೈಗೆ ಅನುಭವವಾಗುವುದು ಮೂರರಲ್ಲಿ ಒಂದು ಪಾಲು ಮಾತ್ರ: ತುದಿಯಲ್ಲಿಟ್ಟ 74 ಗ್ರಾಂನಷ್ಟು. ಸರಳಿನ ಬುಡದ ಗುಂಡಿನ ಕೆಳಗಿನ ಭಾಗಗಳ ಗತಿ ಇನ್ನೂ ಸೋಜಿಗದ್ದು. ಅವು ಕೈಯ ಐದರಲ್ಲಿ ಒಂದು ವೇಗದಲ್ಲಿ ಚಲಿಸುವುದರಿಂದ ಅವುಗಳ ತೂಕ ನಾಬಿನ ಹತ್ತಿರ ಇಪ್ಪತ್ತೈದರಲ್ಲಿ ಒಂದು ಪಾಲಾಗಿ ಮಾತ್ರ ಗೊತ್ತಾಗುತ್ತದೆ. ಗೇರ್‌ಬಾಕ್ಸಿನ ಒಳಗೆ ಸರಿಯುವ ಫೋರ್ಕು, ಶಾಫ್ಟು, ಸ್ಲೀವು ಎಲ್ಲ ಸೇರಿ ಒಂದು ಕಿಲೋ ಇದ್ದರೂ ಅಂಗೈಗೆ ಅದು 40 ಗ್ರಾಂ. ಒಂದು ಮರದ ನಾಬಿನ ತೂಕ! ತುದಿಗೆ ಸೇರಿಸಿದ ನೂರು ಗ್ರಾಂ, ಒಳಗೆ ಸೇರಿಸಿದ ಎರಡೂವರೆ ಕಿಲೋಗೆ ಸಮ. ಹೋಂಡಾದ ಆ 90 ಗ್ರಾಂ ಕೈಗೆ ದೊಡ್ಡದಾಗಿ ಕಾಣುವುದು ಈ ವರ್ಗದ ನಿಯಮದಿಂದ.

ಇಷ್ಟಾದರೂ ಗೇರನ್ನು ತಾನಾಗಿ ಬೀಳಿಸುವಷ್ಟು ಶಕ್ತಿ ಅದಕ್ಕಿದೆಯೇ? ಕೈ ನಾಬನ್ನು ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಸರಿಸುತ್ತದೆ ಎಂದಿಟ್ಟುಕೊಂಡರೆ, ಅರ್ಧ ಕಿಲೋ ಉಕ್ಕಿನ ನಾಬಿನ ಚಲನಶಕ್ತಿ ಸುಮಾರು 0.06 ಜೂಲ್. ಒಂದು ಗೇರ್ ಹಾಕಲು ಕೈ ಮಾಡುವ ಒಟ್ಟು ಕೆಲಸ ಸ್ಥೂಲವಾಗಿ ಒಂದೆರಡು ಜೂಲ್. ಅಂದರೆ ನಾಬ್ ಹೊತ್ತು ತರುವುದು ಬೇಕಾದುದರ ಅತಿ ಸಣ್ಣ ಪಾಲು. ಹಿತ್ತಾಳೆಯ ಉಂಗುರಕ್ಕೆ ಬೇಕಾದ ಕಾಲವನ್ನು ಯಾವ ನಾಬೂ ಉಳಿಸಿಕೊಡುವುದಿಲ್ಲ.

ಆದರೆ ಅದೇ 0.06 ಜೂಲ್ ಇನ್ನೊಂದು ಕಡೆ ಕೆಲಸಕ್ಕೆ ಬರುತ್ತದೆ. ಗೇರ್ ಜಾಗ ಬಿಟ್ಟು ಕದಲದಂತೆ ಒಳಗೆ ಸ್ಪ್ರಿಂಗ್ ಹಾಕಿದ ಗೋಲಿಯೊಂದು ಶಾಫ್ಟಿನ ಕಚ್ಚಿನಲ್ಲಿ ಕೂತಿರುತ್ತದೆ. ಆ ಕಚ್ಚಿನಿಂದ ಎದ್ದು ಇನ್ನೊಂದಕ್ಕೆ ಇಳಿಯುವಾಗ ಕೈಗೆ ಸಣ್ಣ ತಡೆ ಸಿಗುತ್ತದೆ. 20 ನ್ಯೂಟನ್ ಬಲದ, 3 ಮಿ.ಮೀ. ಉದ್ದದ ಅಂಥ ತಡೆಯನ್ನು ದಾಟಲು ಬೇಕಾದ ಶಕ್ತಿಯೂ 0.06 ಜೂಲೇ. ಹಗುರ ನಾಬ್ ಹಿಡಿದ ಕೈಗೆ ಈ ತಡೆಗಳು ಒಂದೊಂದಾಗಿ ತಾಗುತ್ತವೆ. ಭಾರದ ನಾಬ್ ತನ್ನ ಓಟದಲ್ಲೇ ಅವನ್ನು ದಾಟಿಬಿಡುತ್ತದೆ. ಬೀಸುಕಲ್ಲಿನ ಮೇಲ್ಗಲ್ಲು ಭಾರವಾಗಿರುವುದರಿಂದಲೇ ಅಲ್ಲವೇ, ಕಾಳು ಸಿಕ್ಕಿಕೊಂಡಾಗಲೂ ಅದು ನಿಲ್ಲದೆ ಒಂದೇ ಹದದಲ್ಲಿ ತಿರುಗುವುದು. ಗೇರ್ ನಯವಾಗಿ ಬೀಳುತ್ತಿದೆ ಎನ್ನುವವರ ಅನುಭವ ಸುಳ್ಳಲ್ಲ. ಅವರು ಕೊಡುವ ಕಾರಣವನ್ನಷ್ಟೇ ತಿದ್ದಬೇಕು. ರೇಸ್ ಚಾಲಕನಿಗಾದರೋ ಆ ಸಣ್ಣ ತಡೆಗಳೇ ಸುದ್ದಿ ತರುತ್ತವೆ. ಗೇರ್ ಪೂರ್ತಿ ಕೂತಿತೇ ಇಲ್ಲವೇ ಎಂದು ಅಂಗೈ ಓದಿಕೊಳ್ಳುವುದು ಅವುಗಳಿಂದಲೇ. ಅಂಥವನಿಗೆ ಹಗುರ ನಾಬಿನಿಂದ ನಷ್ಟವಿಲ್ಲ.

ತೂಕ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿ ಐಡ್ಲಿಂಗ್ ಇರುವಾಗ ಸೆಕೆಂಡಿಗೆ ಸುಮಾರು 27 ಸಲ ಇಂಧನ ಉರಿಯುತ್ತದೆ. ಆ ಕಂಪನ ರಾಡ್ ಹಿಡಿದು ಮೇಲೆ ಬರುತ್ತದೆ. ತುದಿಯ ಭಾರವನ್ನು ನಾಲ್ಕು ಪಟ್ಟು ಮಾಡಿದರೆ ಲಿವರಿನ ಸಹಜ ಕಂಪನದ ವೇಗ ಅರ್ಧಕ್ಕಿಳಿಯುತ್ತದೆ. ಎಂಜಿನ್ನಿನ ಕಂಪನಕ್ಕಿಂತ ಅದು ಬಹಳ ಕೆಳಗೆ ಹೋದಾಗ ನಾಬಿನ ನಡುಕ ತಗ್ಗುತ್ತದೆ. ಆದರೆ ಮೊದಲೇ ಮೇಲಿದ್ದ ಸಹಜ ಕಂಪನ ಇಳಿಯುತ್ತಾ ಬಂದು ಸರಿಯಾಗಿ 27ರ ಹತ್ತಿರ ನಿಂತರೆ ನಡುಕ ಹೆಚ್ಚುವುದೂ ಉಂಟು. ಒಂದೇ ನಾಬನ್ನು ಒಬ್ಬರು ಹೊಗಳುವುದು, ಬೇರೆ ಕಾರಿನವರು ಬೈಯುವುದು ಇದರಿಂದಲೂ ಆಗಿರಬಹುದು.

ತೂಕದ ಲೆಕ್ಕ ಮುಗಿಯಿತು. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದುದು ಬಿಸಿಲಿನ ಲೆಕ್ಕ. ನಾಬ್ ಮಾರುವವರು ಇದರ ಬಗ್ಗೆ ಮಾತಾಡುವುದು ಕಡಿಮೆ, ಕೊಳ್ಳುವವರು ಕೇಳುವುದು ಇನ್ನೂ ಕಡಿಮೆ.

ಏಪ್ರಿಲ್ ತಿಂಗಳಲ್ಲಿ ರಾಯಚೂರಿನಲ್ಲೋ ಬಳ್ಳಾರಿಯಲ್ಲೋ ಗಾಜು ಏರಿಸಿ ಬಿಸಿಲಿಗೆ ನಿಲ್ಲಿಸಿದ ಕಾರು. ಒಳಗಿನ ನಾಬ್ 60 ಡಿಗ್ರಿ ಸೆಲ್ಸಿಯಸ್‌ಗೆ ಕಾದಿದೆ ಎಂದುಕೊಳ್ಳಿ. ಉಕ್ಕಿನದಾಗಲಿ ಮರದ್ದಾಗಲಿ ಥರ್ಮಾಮೀಟರ್ ತೋರಿಸುವುದು ಅದೇ 60. ಆದರೆ ಕೈ ಇಟ್ಟರೆ ಒಂದು ಸುಡುತ್ತದೆ, ಇನ್ನೊಂದು ಬೆಚ್ಚಗಿದೆ ಅನಿಸುತ್ತದೆ. ಏಕೆಂದರೆ ಚರ್ಮಕ್ಕೆ ಗೊತ್ತಾಗುವುದು ನಾಬಿನ ಉಷ್ಣತೆಯಲ್ಲ. ಚರ್ಮವೂ ನಾಬೂ ಕೂಡಿದ ಗೆರೆಯಲ್ಲಿ ಆ ಕ್ಷಣಕ್ಕೆ ಏರ್ಪಡುವ ಉಷ್ಣತೆ. ಅದನ್ನು ತೀರ್ಮಾನಿಸುವುದು ಪ್ರತಿ ವಸ್ತುವಿನ ಮೂರು ಗುಣಗಳು: ಉಷ್ಣವಾಹಕತೆ, ಸಾಂದ್ರತೆ, ವಿಶಿಷ್ಟ ಉಷ್ಣ. ಮೂರನ್ನೂ ಗುಣಿಸಿ ವರ್ಗಮೂಲ ತೆಗೆದರೆ ಬರುವ ಸಂಖ್ಯೆ, ಆ ವಸ್ತು ಎಷ್ಟು ಚುರುಕಾಗಿ ಶಾಖವನ್ನು ಕೊಡಬಲ್ಲದು ಅಥವಾ ಹೀರಬಲ್ಲದು ಎಂಬುದರ ಅಳತೆ. ಪ್ರಮಾಣಿತ ಮಾನದಲ್ಲಿ ಚರ್ಮಕ್ಕೆ ಇದು ಸುಮಾರು 1,200. ಅಲ್ಯೂಮಿನಿಯಮ್ಮಿಗೆ ಸುಮಾರು 24,000. ಸ್ಟೇನ್‌ಲೆಸ್ ಸ್ಟೀಲಿಗೆ 8,000, ಟೈಟಾನಿಯಮ್ಮಿಗೆ ಸುಮಾರು 7,000. ಗಟ್ಟಿ ಪ್ಲಾಸ್ಟಿಕ್ಕಾದ ಅಸಿಟಾಲ್‌ಗೆ 800ರ ಹತ್ತಿರ, ಮರಕ್ಕೆ 400ರ ಆಸುಪಾಸು.

ಕೂಡುಗೆರೆಯ ಉಷ್ಣತೆ ಈ ಸಂಖ್ಯೆ ಹೆಚ್ಚಿರುವ ಕಡೆಗೆ ವಾಲುತ್ತದೆ. 34 ಡಿಗ್ರಿಯ ಅಂಗೈಯನ್ನು 60 ಡಿಗ್ರಿಯ ಅಲ್ಯೂಮಿನಿಯಮ್ ನಾಬಿನ ಮೇಲಿಟ್ಟರೆ ಗೆರೆ ಸುಮಾರು 59 ಡಿಗ್ರಿಗೆ ನಿಲ್ಲುತ್ತದೆ. ಟೈಟಾನಿಯಮ್ಮಿನಲ್ಲಿ 56. ಅಸಿಟಾಲ್‌ನಲ್ಲಿ 44. ಮರದಲ್ಲಿ 41. ಚರ್ಮಕ್ಕೆ ನೋವು ಶುರುವಾಗುವುದು ಸುಮಾರು 43ರಿಂದ 45 ಡಿಗ್ರಿಯಲ್ಲಿ. ಅಂದರೆ ಮರ ಹೊಸ್ತಿಲಿನ ಈಚೆ, ಪ್ಲಾಸ್ಟಿಕ್ ಹೊಸ್ತಿಲಿನ ಮೇಲೆ, ಲೋಹಗಳೆಲ್ಲ ಬಹುದೂರ ಆಚೆ. ಟೈಟಾನಿಯಮ್ ಲೋಹಗಳಲ್ಲಿ ಶಾಖವನ್ನು ಕಡಿಮೆ ಒಯ್ಯುವಂಥದ್ದು ನಿಜ. ಹೋಂಡಾ ತನ್ನ 1992ರ ಎನ್‌ಎಸ್‌ಎಕ್ಸ್ ಟೈಪ್ ಆರ್ ಕಾರಿಗೆ ಅದರ ನಾಬನ್ನೇ ಕೊಟ್ಟಿತ್ತು. ಆದರೂ ನಮ್ಮ ಬೇಸಿಗೆಯಲ್ಲಿ 56 ಡಿಗ್ರಿ ಕೈಯಲ್ಲಿ ಹಿಡಿಯುವಂಥದ್ದಲ್ಲ. ಬಿಸಿ ನಾಬಿನಿಂದ ಚಾಲಕ ಥಟ್ಟನೆ ಕೈ ಹಿಂದೆಗೆದಾಗ ಅರ್ಧ ಬಿದ್ದ ಗೇರ್ ಅಲ್ಲೇ ಉಳಿಯುತ್ತದೆ, ಅದೂ ಕಾರು ರಸ್ತೆಗೆ ಇಳಿಯುತ್ತಿರುವ ಹೊತ್ತಿನಲ್ಲಿ. ಇದು ಬರೀ ಸುಖದ ಪ್ರಶ್ನೆಯಲ್ಲ.

ಕ್ರೋಮ್ ಲೇಪಿಸಿದ ಪ್ಲಾಸ್ಟಿಕ್ ನಾಬುಗಳು ಲೋಹದಂತೆ ಕಂಡರೂ ಲೋಹದಷ್ಟು ಸುಡುವುದಿಲ್ಲ. ಲೇಪದ ದಪ್ಪ ಮಿಲಿಮೀಟರಿನ ಕೆಲವೇ ನೂರನೇ ಭಾಗ. ಅದರಲ್ಲಿ ಅಡಗುವ ಶಾಖ ಕೈ ತಾಗುತ್ತಲೇ ಮುಗಿದುಹೋಗುತ್ತದೆ. ಚರ್ಮದ ಹೊದಿಕೆಯದೂ ಇದೇ ತತ್ತ್ವ: ಒಳಗೆ ಉಕ್ಕಿದ್ದರೂ ಮೊದಲ ಕ್ಷಣ ಕೈಗೆ ಸಿಗುವುದು ಹೊದಿಕೆಯೇ. ತೂಕವೂ ಬೇಕು, ಸುಡಲೂಬಾರದು ಎನ್ನುವವರಿಗೆ ದಾರಿ ಇಲ್ಲಿದೆ: ನಡುವೆ ಹಿತ್ತಾಳೆ ಅಥವಾ ಉಕ್ಕಿನ ತಿರುಳು, ಸುತ್ತ ಮರ.

ಮರ ಎಂದ ಕೂಡಲೇ ನಮ್ಮಲ್ಲಿ ಚನ್ನಪಟ್ಟಣ ನೆನಪಾಗುತ್ತದೆ. ಅಲ್ಲಿಯ ಕುಶಲಕರ್ಮಿಗಳು ಬಳಸುವ ಹಾಲೆ ಮರ ನುಣುಪು, ಹಗುರ, ಲೇತ್‌ನಲ್ಲಿ ಚೆನ್ನಾಗಿ ಕಡೆಯಲು ಬರುವಂಥದ್ದು. ನಾಬಿನ ಆಕಾರ ಅವರಿಗೆ ಕಷ್ಟದ್ದೇ ಅಲ್ಲ. ತೊಡಕಿರುವುದು ಬಣ್ಣದಲ್ಲಿ. ಅಲ್ಲಿ ಬಣ್ಣ ಹಚ್ಚುವುದು ಅರಗಿನಿಂದ: ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹರಡಿಕೊಳ್ಳುತ್ತದೆ. ಫಳಫಳ ಹೊಳೆಯುವ ಆ ಮೆರುಗಿನ ಮೂಲ ಅರಗಿನ ಈ ಗುಣವೇ. ಆದರೆ ಅರಗು ಮೆತ್ತಗಾಗತೊಡಗುವುದು 65ರಿಂದ 75 ಡಿಗ್ರಿಯ ನಡುವೆ. ಮುಂಗಾಜಿನಿಂದ ನೇರ ಬಿಸಿಲು ಬೀಳುವ ಕಾರಿನಲ್ಲಿ ಆ ಅಂಚಿನ ಹತ್ತಿರ ಹೋಗುವುದು ಅಸಾಧ್ಯವೇನಲ್ಲ. ನೆರಳಲ್ಲಿ ನಿಲ್ಲುವ ಕಾರಿಗೆ ಅರಗಿನ ನಾಬ್ ಸೊಗಸು. ದಿನವಿಡೀ ಬಯಲಲ್ಲಿ ನಿಲ್ಲುವ ಕಾರಿಗಾದರೆ ಅದೇ ಮರವನ್ನು ಕಡೆಸಿ ಎಣ್ಣೆ ಕುಡಿಸಿ ಹಾಕಿಕೊಳ್ಳುವುದು ಒಳ್ಳೆಯದು. 3ಡಿ ಪ್ರಿಂಟರಿನಲ್ಲಿ ನಾಬ್ ಮಾಡಿಕೊಳ್ಳುವವರೂ ಇದನ್ನೇ ನೋಡಬೇಕು. ಅಲ್ಲಿ ಹೆಚ್ಚಾಗಿ ಬಳಸುವ ಪಿಎಲ್‌ಎ 60 ಡಿಗ್ರಿಯ ಹತ್ತಿರವೇ ಮೆತ್ತಗಾಗುತ್ತದೆ. ಎಬಿಎಸ್ 100 ದಾಟುವವರೆಗೆ ತಡೆಯುತ್ತದೆ.

ಈಗ ಬಿಚ್ಚುವ ಕೆಲಸ. ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆಯೇ ಕೈ ಹಾಕಿ. ನಾಬ್ ಹೇಗೆ ಕೂತಿದೆ ಎಂದು ತಿಳಿಯದೆ ಬಲ ಹಾಕಬೇಡಿ. ಜಪಾನಿ ಕಾರುಗಳಲ್ಲಿ ಹೆಚ್ಚಿನವು ಥ್ರೆಡ್ ಇರುವಂಥವು, ಎಡಕ್ಕೆ ತಿರುಗಿಸಿದರೆ ಬರುತ್ತವೆ. ಬಿಎಂಡಬ್ಲ್ಯು ಕಾರುಗಳಲ್ಲಿ ನಾಬನ್ನು ಒತ್ತಿ ಕೂರಿಸಿರುತ್ತಾರೆ, ನೇರ ಮೇಲಕ್ಕೆ ಎಳೆಯಬೇಕು. ಥಟ್ಟನೆ ಕಿತ್ತು ಬರುವುದರಿಂದ ಮುಖವನ್ನು ಪಕ್ಕಕ್ಕಿಟ್ಟುಕೊಳ್ಳಬೇಕು. ಫೋಕ್ಸ್‌ವ್ಯಾಗನ್ನಿನ ಅನೇಕ ಮಾದರಿಗಳಲ್ಲಿ ಲಿವರಿನ ಬುಡಕ್ಕೆ ಹೊದಿಸಿದ ಬೂಟಿನ ಒಳಗೆ ಒಂದು ಕ್ಲ್ಯಾಂಪ್ ಇರುತ್ತದೆ. ಬೂಟಿನ ಚೌಕಟ್ಟನ್ನು ಎಬ್ಬಿಸಿ, ಒಳಮಗ್ಗುಲು ಹೊರಗೆ ಮಾಡಿ, ಆ ಕ್ಲ್ಯಾಂಪ್ ತೆಗೆಯದೆ ನಾಬ್ ಬರುವುದಿಲ್ಲ. ಇನ್ನು ರಿವರ್ಸ್ ಹಾಕಲು ನಾಬಿನ ಕೆಳಗಿನ ಉಂಗುರವನ್ನು ಮೇಲಕ್ಕೆತ್ತುವ ಕಾರುಗಳಿವೆಯಲ್ಲ, ಹ್ಯುಂಡೈ, ರೆನೋ ಮುಂತಾದವುಗಳಲ್ಲಿ, ಅಲ್ಲಿ ವಿಶೇಷ ಎಚ್ಚರ ಬೇಕು. ಆ ಉಂಗುರಕ್ಕೆ ಜಾಗವಿಲ್ಲದ ಚೆಂದದ ನಾಬ್ ಹಾಕಿಬಿಟ್ಟರೆ ಕಾರು ಮುಂದೆ ಮಾತ್ರ ಹೋಗುತ್ತದೆ.

ಥ್ರೆಡ್ಡಿನ ಅಳತೆಯಲ್ಲಿ ಎರಡು ಸಂಖ್ಯೆ. ಟೊಯೊಟಾ, ಸುಬಾರು ಕಾರುಗಳಲ್ಲಿ ಸಾಮಾನ್ಯವಾಗಿ 12 ಮಿ.ಮೀ. ದಪ್ಪ, ಒಂದು ಸುತ್ತಿಗೆ 1.25 ಮಿ.ಮೀ. ಇಳಿತ. ಹೋಂಡಾದಲ್ಲಿ 10 ಮತ್ತು 1.5. ನಿಸಾನ್, ಮಜ್ದಾಗಳಲ್ಲಿ 10 ಮತ್ತು 1.25. ಈ ಕೊನೆಯ ಎರಡನ್ನು ಅದಲುಬದಲು ಮಾಡಿದರೆ ಮೊದಲ ಒಂದೆರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಪ್ರತಿ ಸುತ್ತಿಗೂ ಕಾಲು ಮಿಲಿಮೀಟರಿನ ವ್ಯತ್ಯಾಸ ಕೂಡುತ್ತಾ ಹೋಗುವುದೇ ಕಾರಣ. ಅಲ್ಲಿಗೆ ನಿಲ್ಲಿಸಿ. ಬಲವಾಗಿ ತಿರುಗಿಸಿದರೆ ಎರಡರಲ್ಲಿ ಮೆತ್ತಗಿರುವುದರ ಥ್ರೆಡ್ ಹೋಗುತ್ತದೆ. ಮೊದಲೇ ಅಳೆಯಲು ದುಬಾರಿ ಸಲಕರಣೆ ಬೇಡ. ಲಿವರಿನ ತುದಿಗೆ ಸ್ಕೇಲ್ ಹಿಡಿದು ಹತ್ತು ಸುತ್ತಿನ ಉದ್ದ ನೋಡಿ: 12.5 ಮಿ.ಮೀ. ಬಂದರೆ 1.25, 15 ಬಂದರೆ 1.5. ಖಚಿತಕ್ಕೆ ಹಾರ್ಡ್‌ವೇರ್ ಅಂಗಡಿಯಿಂದ ಆ ಅಳತೆಯ ನಟ್ ತಂದು ಬರಿಗೈಯಲ್ಲಿ ಹಾಕಿ ನೋಡಬಹುದು.

ವರ್ಷಾನುಗಟ್ಟಲೆ ಕೂತ ನಾಬ್ ಒಮ್ಮೊಮ್ಮೆ ಜಪ್ಪಯ್ಯ ಎಂದರೂ ಕದಲುವುದಿಲ್ಲ. ಆಗ ಪೈಪ್ ರೆಂಚ್ ಹಿಡಿಯುವುದು ನಾಬಿಗೂ ಕೆಡುಕು, ಲಿವರಿಗೂ ಕೆಡುಕು. ತಿರುಚಿದ ಬಲ ನೇರ ಬುಡದ ಪ್ಲಾಸ್ಟಿಕ್ ಬುಶ್ಶಿಗೆ ಹೋಗುತ್ತದೆ. ಬೂಟ್ ಇಳಿಸಿ, ಸರಳಿಗೆ ಬಟ್ಟೆ ಸುತ್ತಿ ಇಕ್ಕಳದಲ್ಲಿ ಅಲ್ಲಾಡದಂತೆ ಹಿಡಿದು, ರಬ್ಬರ್ ಗ್ಲೌಸ್ ಹಾಕಿದ ಕೈಯಿಂದ ನಾಬನ್ನಷ್ಟೇ ತಿರುಗಿಸಬೇಕು. ಅಲ್ಯೂಮಿನಿಯಮ್ ನಾಬಾದರೆ ಹೇರ್ ಡ್ರೈಯರಿನಿಂದ ಬಿಸಿ ಮಾಡಿ ನೋಡಿ. ಬಿಸಿಗೆ ಅಲ್ಯೂಮಿನಿಯಮ್ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 50 ಡಿಗ್ರಿ ಏರಿಸಿದರೆ 12 ಮಿ.ಮೀ.ನ ತೂತು ಒಳಗಿನ ಸರಳಿಗಿಂತ ಸುಮಾರು 7 ಮೈಕ್ರಾನ್ ಹೆಚ್ಚು ಅಗಲವಾಗುತ್ತದೆ. ಬೆವರಿನ ಉಪ್ಪಿನಿಂದ ಬೆಳೆದ ತುಕ್ಕಿನ ಹಿಡಿತ ಬಿಡಿಸಲು ಬಹಳ ಸಲ ಅಷ್ಟು ಸಾಕಾಗುತ್ತದೆ. ಹೊಸ ನಾಬ್ ಹಾಕುವಾಗ ಕೆಂಪು ಥ್ರೆಡ್ ಲಾಕರ್ ಬಳಸಬೇಡಿ. ಅದನ್ನು ಬಿಡಿಸಲು ಸುಮಾರು 250 ಡಿಗ್ರಿ ಬೇಕು, ಕಾರಿನ ಒಳಗೆ ಅದು ಆಗದ ಮಾತು.

ಮರದ ನಾಬಿನ ತೂತಿಗೆ ನೇರವಾಗಿ ಟ್ಯಾಪ್ ಹಾಕಿ ಥ್ರೆಡ್ ಮಾಡುವುದು ಸುಲಭ, ಆದರೆ ಬಾಳುವುದಿಲ್ಲ. ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಅದೂ ಎಳೆಯ ಅಡ್ಡಕ್ಕೆ ಹೆಚ್ಚು, ಉದ್ದಕ್ಕೆ ಕಡಿಮೆ. ದುಂಡಗಿನ ತೂತು ಕ್ರಮೇಣ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಲೇತ್ ಅಂಗಡಿಯಲ್ಲಿ ಹಿತ್ತಾಳೆಯ ಬುಶ್ ಮಾಡಿಸಿ, ಹೊರಮೈಗೆ ಒರಟು ಗೀರು ಹಾಕಿಸಿ, ಎಪಾಕ್ಸಿಯಲ್ಲಿ ಕೂರಿಸುವುದೇ ಸರಿ. ಗೇರುಗಳ ನಕ್ಷೆ ಕೆತ್ತಿದ ನಾಬ್ ಬಿಗಿಯಾದಾಗ ನಕ್ಷೆ ಓರೆಯಾಗಿ ನಿಲ್ಲುವುದುಂಟು. ಅದಕ್ಕೆ ಕೆಳಗೆ ಒಂದು ಚೆಕ್ ನಟ್ ಹಾಕಿ, ನಾಬನ್ನು ನೆಟ್ಟಗೆ ಹಿಡಿದು, ನಟ್ಟನ್ನು ಮೇಲಕ್ಕೆ ಬಿಗಿಯಬೇಕು. ಆಗ ನಟ್ಟು ಥ್ರೆಡ್ಡಿನ ಒಂದು ಮೈಗೆ, ನಾಬ್ ಎದುರು ಮೈಗೆ ಒತ್ತಿಕೊಂಡು ಎರಡೂ ಒಂದನ್ನೊಂದು ಹಿಡಿದಿಡುತ್ತವೆ. ನಕ್ಷೆಯೇ ಇಲ್ಲದ ಬೋಳು ನಾಬ್ ಎಷ್ಟೇ ಚೆಂದವಿದ್ದರೂ, ಮನೆಯ ಇನ್ನೊಬ್ಬರು ಓಡಿಸುವ ಕಾರಿಗೆ ಅದು ಬೇಡ.

ಹಳೆಯ ಗೇರ್‌ಬಾಕ್ಸಿಗೆ ಅರ್ಧ ಕಿಲೋದ ನಾಬನ್ನೂ ನಾನು ಸೂಚಿಸುವುದಿಲ್ಲ. ಕಚ್ಚು ಸವೆದು, ಸ್ಪ್ರಿಂಗ್ ಸೋತ ಪೆಟ್ಟಿಗೆಯಲ್ಲಿ ಗೋಲಿಯ ಹಿಡಿತ ಕಡಿಮೆ. ಗುಂಡಿಗಳ ರಸ್ತೆಯಲ್ಲಿ ಎತ್ತಿಹಾಕಿದಾಗ ಆ ಭಾರವೇ ಲಿವರನ್ನು ಎಳೆದು ಗೇರ್ ಕಳಚಬಹುದು. ಸುಸ್ಥಿತಿಯಲ್ಲಿರುವ ಕಾರಿಗೆ 150ರಿಂದ 250 ಗ್ರಾಂ ಹಿತವಾದ ತೂಕ ಎಂಬುದು ನನ್ನ ಅಭಿಪ್ರಾಯ. ಹಾಕಿದ ಮೇಲೆ ಎಂಜಿನ್ ಆಫ್ ಇರುವಾಗಲೇ ಕ್ಲಚ್ ತುಳಿದು ರಿವರ್ಸೂ ಸೇರಿದಂತೆ ಪ್ರತಿ ಗೇರನ್ನೂ ಹಾಕಿ ನೋಡಿ: ಯಾವ ಗೇರಿನಲ್ಲೂ ನಾಬ್ ಡ್ಯಾಶ್‌ಬೋರ್ಡಿಗಾಗಲಿ ಸೀಟಿಗಾಗಲಿ ತಾಗಬಾರದು. ಕೆಲವು ದಿನ ಓಡಿಸಿದ ನಂತರ ಚೆಕ್ ನಟ್ಟನ್ನು ಇನ್ನೊಮ್ಮೆ ಬಿಗಿ ಮಾಡಿ.

ಚೆಂದದ ನಾಬ್ ಬಂದ ಮೇಲೆ ಕೈ ಸದಾ ಅದರ ಮೇಲೇ ಇರಬಯಸುತ್ತದೆ. ಆ ಆಸೆಯನ್ನು ತಡೆದುಕೊಳ್ಳಬೇಕು. ಹೆದ್ದಾರಿಯಲ್ಲಿ ಟಾಪ್ ಗೇರಿನಲ್ಲಿ ಹೋಗುವಾಗ ಅಂಗೈಯ ಭಾರ 10 ನ್ಯೂಟನ್ ಇದ್ದರೆ ಅದು ಲಿವರಿನ ಬುಡದಲ್ಲಿ ಐದು ಪಟ್ಟಾಗಿ ಫೋರ್ಕಿನ ಕಡೆಗೆ ಹೋಗುತ್ತದೆ. ಫೋರ್ಕ್ ಕೂತಿರುವುದು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಸ್ಲೀವಿನ ತೋಡಿನಲ್ಲಿ. ಗೇರ್ ಬಿದ್ದ ಮೇಲೆ ಅದು ತೋಡಿನ ಗೋಡೆಗೆ ತಾಗದೆ ಸಡಿಲವಾಗಿ ನಿಲ್ಲಬೇಕು. ಕೈ ಒತ್ತುತ್ತಲೇ ಇದ್ದರೆ ಅದು ಉಜ್ಜುತ್ತಲೇ ಇರುತ್ತದೆ, ಎರಡರ ಮೈಯೂ ಸವೆಯುತ್ತದೆ. ಗೇರ್ ಹಾಕಿ, ಕೈ ತೆಗೆದು, ಸ್ಟೀರಿಂಗಿಗೆ ಕೊಡಿ.